ಪಕ್ಕದ ಸಾಲಿನಾಕಿ

ತಿಂಗಳ ಒಂದನೇ ತಾರೀಕಿಗೆ ಮುದುಕನ ಪೆನ್ಶನ್ ಬರತೈತಿ.
ಅವರ ದೇಶದಾಗ ಟ್ರಾಮ್ ಓಡಸ್ತಿದ್ದನಂತ.
ಬೆಲ್ಜಿಯಂ ಅಂತಾನ, ನನಗ ಬೆಳಗಾಂವ ಅಂದಂಗ ಕೇಳತೈತಿ.
ಮೂವತ್ತೊಂದು ವರ್ಷ ಹಳಿ ಬಿಟ್ಟು ಕದಲದಾಂವ
ಈಗ ಶಿವೋಲಿಯ ಹಂಚಿನ ಮನಿ ಪಡಸಾಲ್ಯಾಗ
ಲುಂಗಿ ಉಟಗೊಂಡು ಪೆನ್ಸಿಲ್ ಕೆತ್ತತಾನ.
ಯೋರಿಸ್ ಅಂತ ಹೆಸರು.
ನಾ ಯೋರಿಸಪ್ಪ ಅಂತೀನಿ, ಓ ಅಂತಾನ.

ಅವನ ಬುಕ್ಕಿನಾಗ ಮೂರು ಉದ್ದ ಸಾಲು.
ಒಂದು ಗೋವಾ.
ಒಂದು ವಿಯೆಟ್ನಾಮಿನ ಯಾವುದೋ ದಂಡಿ ಊರು.
ಇನ್ನೊಂದು ಅವನದ ದೇಶ, ಅದಕ್ಕ ಅಡ್ಡ ಗೀಟು ಹೊಡದಾನ.
ಬಾಡಿಗಿ, ಪಾವು, ಗ್ಯಾಸು, ಬಿಯರು, ಹಲ್ಲಿನ ಡಾಕ್ಟರು,
ವೀಸಾ ಸಲುವಾಗಿ ಹೊರಗ ಹೋಗಿ ಬರೂ ವಿಮಾನ,
ಎಲ್ಲಾದಕ್ಕೂ ಒಂದೊಂದು ಖಾನೆ.
ಹಾಸಿಗಿ ಅಷ್ಟ ಐತಿ,
ಯಾ ಊರಾಗ ಹಾಸಿದರ ಕಾಲು ಹೊರಗ ಬರೂದಿಲ್ಲ
ಅದನ್ನ ಹುಡುಕಾಕತ್ತಾನ.

ನನಗ ಅಕ್ಷರ ಬರೂದಿಲ್ಲ. ಅಂಕಿ ಬರತಾವ,
ಮಾಪ್ಸೆ ಶುಕ್ರವಾರದ ಸಂತಿ ಕಲಿಸೇತಿ.
ಹಂಗಾಗಿ ನನ್ನ ಖಾನೆ ನಾನ ಗುರುತು ಹಿಡದೆ:
ಪಾವಿನ ಕೆಳಗ, ಬಿಯರಿನ ಮ್ಯಾಲ,
ಆರು ಸಾವಿರ.

ಒಮ್ಮೆ ಪಾವಿನ ಪೊದೇರ ಭೋಂಪು ಊದಿ ಹೋದ ಮ್ಯಾಲ
ಚಾ ಕುಡಕೋತ ಅಂದ: ದ್ಯಾಮಾ, ನಿಂದೂ ಹೇಳು.
ಹೇಳಿದೆ.
ಕಾಮರಖಾಜನದಾಗ ಪತ್ರಾಸಿನ ಖೋಲಿ, ಮೂರೂವರಿ ಸಾವಿರ,
ಲೈಟಿಂದು ಬ್ಯಾರೆ, ನಳ ನಾಕು ಮಂದಿಗೆ ಒಂದು.
ಜ್ವಾಳ ಊರಿಂದ ಬರತಾವ, ಮುಧೋಳ ಬಸ್ಸಿನ ಕಂಡಕ್ಟರಗ
ಚೀಲಕ್ಕ ಐವತ್ತು, ದೀಪಾವಳಿಗೆ ನೂರು.
ಮಗಳು ರೇಣವ್ವನ ಸಾಲಿ, ಸಂಘದ ಕಂತು,
ಗಂಡನ ಸಕ್ಕರಿ ಗುಳಿಗಿ,
ಅಂವಾ ಹೇಳದ ಮಾಡೂ ಖರ್ಚು.
ಮೂರು ಮನಿ ದುಡದು ಹನ್ನೆರಡೂವರಿ.
ಹೋಗೂದು ಹದಿನಾಕು.

ಎರಡು ಸಲ ಕೂಡಿಸಿದ.
ತಪ್ಪೈತಿ, ಅಂದ.
ತಪ್ಪಿಲ್ಲ ಯೋರಿಸಪ್ಪಾ, ಅದು ಕೈಗಡ.
ಕೈಗಡಕ್ಕ ಅವನ ಬುಕ್ಕಿನಾಗ ಖಾನೆ ಇರಲಿಲ್ಲ.

ನೀನೂ ನನ್ನಂಗ ಪರದೇಸಿ, ಅಂತ ಕೈಸನ್ನಿ ಮಾಡಿ ನಕ್ಕ.
ನಮ್ಮ ಕಡೆ ಪರದೇಸಿ ಅಂದ್ರ
ಹಿಂದ ಮುಂದ ಯಾರೂ ಇಲ್ಲದಾಂವ,
ಕಟ್ಟಿ ಮ್ಯಾಲ ಉಂಡು ಕಟ್ಟಿ ಮ್ಯಾಲ ಮಲಗಾಂವ.
ಇಲ್ಲೆ ಘಟ್ಟ ಇಳದು ಬಂದವರಿಗೆ ಘಾಟಿ ಅಂತಾರ.
ಇವನ ಪರದೇಸಿಗೆ ಬೆತ್ತದ ಕುರ್ಚಿ ಐತಿ,
ಕುರ್ಚಿಗೆ ದಿಂಬು ಐತಿ.
ಹೌದೌದು ಅಂದು ಬಶಿ ತೊಳದೆ.

ಈ ತಿಂಗಳ ಫಿಲೊಮೆನಾಬಾಯಿ ಬಾಡಿಗಿ ಏರಿಸಿದಳು.
ಮುದುಕ ರಾತ್ರಿಯೆಲ್ಲಾ ಕುಂತಿರಬೇಕು,
ಮೇಜಿನ ತುಂಬ ರಬ್ಬರಿನ ಹೊಟ್ಟು.
ಬಾತ್‌ರೂಮಿನಾಗ ನೀರು ಬಿಟ್ಟ ಸಪ್ಪಳ ಕೇಳಿ
ಬುಕ್ಕು ಬಗ್ಗಿ ನೋಡಿದೆ.

ಎರಡನೇ ಸಾಲಿನಾಗ,
ಪಾವಿನ ಕೆಳಗ, ಬಿಯರಿನ ಮ್ಯಾಲ,
ಒಬ್ಬಾಕಿ ಕುಂತಾಳ.
ಮೂರು ಸಾವಿರದ ಎಂಟುನೂರು.

ಯಾರವಾ ನೀ?
ನಿಂಗೂ ಮಗಳು ಅದಾಳೇನ?
ನಿನ್ನ ನಳದಾಗ ಮುಂಜಾನಿ ಎಷ್ಟೊತ್ತಿಗೆ ನೀರು ಬರತೈತಿ?
ಇವನ ಅಂಗಿ ಕಾಲರು ತಿಕ್ಕಿ ತಿಕ್ಕಿ ತೊಳೀಬೇಕ,
ಚಾಕ್ಕ ಸಕ್ಕರಿ ಹಾಕೂದಿಲ್ಲ,
ಮಳಿಗಾಲಕ್ಕ ಮೊಣಕಾಲು ಹಿಡಿತೈತಿ, ಎಣ್ಣಿ ಹಚ್ಚಂತಾನ,
ಎಣ್ಣಿದು ಬ್ಯಾರೆ ಕೊಡೂದಿಲ್ಲ.
ಅಷ್ಟಕ್ಕ ಒಪ್ಪಿದ್ಯಾ?
ಒಪ್ಪಿದಿ ಅಂತ ನಿನಗರ ಗೊತ್ತೈತೋ ಇಲ್ಲೋ.

ನಿನ್ನ ಮ್ಯಾಲ ಸಿಟ್ಟೂ ಬಂತು, ಸುಳ್ಳು ಯಾಕ ಹೇಳಲಿ.
ನೀ ಇಳದಷ್ಟು ಇಲ್ಲೆ ನನ್ನ ಕೆಲಸ ಅಳ್ಳಾಡತೈತಿ.

ಪೆನ್ಸಿಲ್ ಅಲ್ಲೇ ಬಿದ್ದಿತ್ತು.
ಮೂರರ ಎಡಕ್ಕ ಎರಡು ಸಣ್ಣ ಬಾಗು ಹಚ್ಚಿದರ
ಎಂಟಾಗತೈತಿ.
ಎಂಟು ಸಾವಿರದ ಎಂಟುನೂರು.
ನೋಡಾಕ ಚೊಲೋ ಕಾಣಸ್ತಿ ಈಗ.

ನೀರು ನಿಂತಿತು.
ಒರಸೂ ಅರಿವಿ ತಗೊಂಡು ಕಿಡಕಿ ಕಡೆ ಹೋದೆ.
ಕೆಳಗಿನ ಒಟ್ಟು ಮೊತ್ತಕ್ಕ ಕೈ ಹಚ್ಚಲಿಲ್ಲ.
ಕೂಡಿಸೂದು ಅವನ ಕೆಲಸ.