ಪಂಪುಮನೆಯ ಫೋನು

ಎರಡೂವರೆಗೆ ಮೊದಲ ಸಲ ಬಾರಿಸಿತು.
ಆ ತುದಿಯಲ್ಲಿ ತಳೇಕರ್ ಮೇಡಂ:
"ಯಶವಂತಾ, ನೀರು ಕಡಿಮೆ ಬರ್ತಿದೆ. ಏನದು?"

ಬ್ಯಾಟರಿ ಹಿಡಿದು ಜಾಲರಿಗೆ ಬಗ್ಗಿದೆ.
ಕಡಲು ಇರಲಿಲ್ಲ ಅಲ್ಲಿ.
ಗಂಜಿ ಇತ್ತು, ಕೆನೆಗಟ್ಟಿದ್ದು, ಉಸಿರಾಡುವಂಥದ್ದು.
ಲೋಳೆಮೀನು. ಒಂದರ ಮೈಮೇಲೊಂದು,
ಹಿಂದಿನದು ಮುಂದಿನದನ್ನು ತಂತಿಯೊಳಕ್ಕೆ ನೂಕುತ್ತ,
ಕಣ್ಣಿಲ್ಲ, ಬಾಯಿ ಯಾವುದೋ ಬೆನ್ನು ಯಾವುದೋ.

ಹದಿನಾರು ವರ್ಷ ಬೈತಖೋಲದಲ್ಲಿ ಬಲೆ ಎಳೆದವ ನಾನು.
ಇವು ಬಂದ ದಿನ ಬಂಗಡೆ ಬರುವುದಿಲ್ಲ,
ಬಲೆ ಕೊಡವಿ ಬೈದು ಮನೆಗೆ ಹೋಗುತ್ತಿದ್ದೆವು.
ಇಲ್ಲಿ ಹಾಗಲ್ಲ.
ಗುಡ್ಡದ ಮೇಲೆ, ಕಿಟಕಿಯಿಲ್ಲದ ಗುಮ್ಮಟದಲ್ಲಿ
ಒಂದು ಒಲೆ ಈ ನೀರನ್ನೇ ನಂಬಿ ಕೂತಿದೆ.

"ಅರವತ್ತೆರಡು," ಅಂದಿತು ಸ್ಪೀಕರು.
ಗೋರುಬಲೆ ಇಳಿಸಿದೆ. "ಐವತ್ತೆಂಟು."
ಎತ್ತಿದೆ, ಸುರಿದೆ, ಇಳಿಸಿದೆ,
ಎತ್ತಿದಷ್ಟೂ ಬಂದವು. "ಐವತ್ತೊಂದು."
ಬಸ್ತ್ಯಾಂವ ಸಿದ್ದಿ ಸಲಿಕೆ ಹಿಡಿದು ಓಡಿ ಬಂದ,
ಹಳಿಯಾಳದ ಕಾಡಿನವ, ಸಮುದ್ರ ಕಂಡೇ ಒಂದು ವರ್ಷ.
"ಅಣ್ಣಾ, ಇವು ಸತ್ತಿದ್ದಾವೋ ಬದುಕಿದ್ದಾವೋ?"
ಮುಟ್ಟಿದ. ಗೊತ್ತಾಯಿತು.

"ನಲವತ್ನಾಲ್ಕು."
ದನಿಯಲ್ಲಿ ಏರಿಲ್ಲ, ಇಳಿವಿಲ್ಲ.
ಹರಾಜಿನ ಕೊನೆಯ ಬುಟ್ಟಿಗೆ ದರ ಇಳಿಸುವಾಗ
ನನ್ನ ಸೋದರತ್ತೆ ಹೀಗೇ ಎಣಿಸುತ್ತಿದ್ದಳು,
ಮುಖ ಬೇರೆ ಕಡೆ ತಿರುಗಿಸಿ.

"ಮೂವತ್ತೊಂಬತ್ತು. ಸಾಕು.
ಕೇಳಿಸ್ತಾ ಯಶವಂತಾ? ನಿಲ್ಲಿಸ್ತಿದ್ದೇನೆ."

ಗುಂಡಿ ಒತ್ತಿದ್ದು ಕೇಳಲಿಲ್ಲ.
ಕೇಳಿದ್ದು ಕುರ್ಚಿ ಹಿಂದೆ ಸರಿದದ್ದು,
ಆಮೇಲೆ ಯಾರೋ ಗಂಡಸು, ದೂರದಿಂದ:
"ಏಳನೆಯದು ಬಿದ್ದಿಲ್ಲ. ಅರ್ಧಕ್ಕೆ ಸಿಕ್ಕಿದೆ."

ಸರಳುಗಳ ವಿಷಯ ನನಗೆ ಗೊತ್ತಿದ್ದದ್ದು ಇಷ್ಟೇ:
ಹನ್ನೆರಡು ಇವೆ, ಬಿದ್ದರೆ ಬೆಂಕಿ ಕಣ್ಣು ಮುಚ್ಚುತ್ತದೆ.
ಒಂದು ಬೀಳದಿದ್ದರೆ?
ತರಬೇತಿಯ ದಿನ ಯಾರೋ ಕೇಳಿದ್ದರು.
ಊಟದ ಹೊತ್ತಾಗಿತ್ತು.

ದೇವಗಡದ ದೀಪ ಒಂದು ಸುತ್ತು ಬಂತು.
ಊರು ಮಲಗಿತ್ತು.
ಕಾಳಿ ಸೇತುವೆಯ ಮೇಲೆ ಒಂಟಿ ಲಾರಿ, ಗೋವೆಯ ಕಡೆಗೆ;
ಅದರ ಡ್ರೈವರನಿಗೆ ಕೈ ಬೀಸಬೇಕೆನಿಸಿತು, ಯಾಕೋ.
ದೀಪ ಇನ್ನೊಂದು ಸುತ್ತು. ಮತ್ತೊಂದು.
ಸ್ಪೀಕರಿನಲ್ಲಿ ಮೇಡಂ ಉಸಿರು, ಒಳಗೆ, ಹೊರಗೆ,
ಜಾಲರಿಗೆ ಅಂಟಿದ ಆ ಮುದ್ದೆಗಳ ಹಾಗೇ
ತೆರೆದು
ಮುಚ್ಚಿ

"ಬಿತ್ತು."

ಬಸ್ತ್ಯಾಂವ ಒದ್ದೆ ನೆಲದ ಮೇಲೇ ಕೂತುಬಿಟ್ಟ.
ನಾನು ಬಲೆ ಗೋಡೆಗೆ ಒರಗಿಸಿದೆ.
ಸದ್ದು ನಿಂತದ್ದು ಮೇಲಕ್ಕೂ ಕೇಳಿರಬೇಕು:
"ಯಾಕೆ ನಿಲ್ಲಿಸಿದ್ರಿ? ಬೆಂಕಿ ಆರಿದೆ, ಬಿಸಿ ಆರಿಲ್ಲ.
ಬೆಳಗಿನವರೆಗೂ ನೀರು ಬೇಕು."

ಆಯಿ ರಾತ್ರಿ ಬೂದಿ ಮುಚ್ಚಿಟ್ಟ ಕೆಂಡಕ್ಕೆ
ಬೆಳಿಗ್ಗೆ ನನ್ನ ತಂಗಿ ಕೈಯಿಟ್ಟಿದ್ದಳು.
ಆ ಬೆರಳಿಗೆ ಇವತ್ತಿಗೂ ಉಗುರಿಲ್ಲ.
ಬಲೆ ಎತ್ತಿಕೊಂಡೆ.

ಆರಕ್ಕೆ ಇಳಿತ ಶುರುವಾಗಿ ತಾವೇ ಹೋದವು,
ಬಂದ ಹಾಗೇ, ಯಾರನ್ನೂ ನೋಡದೆ.
ದಾಖಲೆ ಪುಸ್ತಕದಲ್ಲಿ ಅವಕ್ಕೆ ಎರಡು ಶಬ್ದ ಸಿಕ್ಕಿತಂತೆ:
ಕಾರಣ, ಸಮುದ್ರಜೀವಿ.

ಮೇಡಂ ಗುಡ್ಡ ಇಳಿದು ಬಂದರು, ಮೊದಲ ಸಲ.
ಫೋನಿನಲ್ಲಿ ಎತ್ತರವಿದ್ದರು;
ನನ್ನ ಭುಜದವರೆಗೂ ಇಲ್ಲ.
ನಮ್ಮ ಕೈ ನೋಡಿದರು: ಮೊಣಕೈವರೆಗೂ ಗಂಧೆ,
ಬಾರುಕೋಲಿನ ಏಟಿನಂಥ ಕೆಂಪು ಗೆರೆಗಳು.
ಮಾತಿಲ್ಲದೆ ಬುತ್ತಿ ಬಿಚ್ಚಿದರು, ಮುಟ್ಟಿರದ ರಾತ್ರಿಯೂಟ,
ಮುರುಗಲ ಸಾರು ಸುರಿದರು,
ಮೊದಲು ಹುಡುಗನ ಕೈಗೆ, ಆಮೇಲೆ ನನಗೆ.
ಸುರಿಯುವಾಗ ಡಬ್ಬಿಗೆ ಮುಚ್ಚಳ ತಾಗಿ
ಟಕಟಕ ಬಡಿಯುತ್ತಲೇ ಇತ್ತು.

"ತಣ್ಣಗಾಯ್ತಾ?"

"ಉರಿ ಇದೆ ಮೇಡಂ," ಅಂದ ಬಸ್ತ್ಯಾಂವ,
"ಹೊತ್ತು ಹಿಡೀತದೆ."