ಮುಕ್ಕಾಲು

ಸೀತಾಂಗೋಳಿ ಕಳೆದು ಬಸ್ಸು ಏದುಸಿರು ಬಿಡುವ
ಮುರಕಲ್ಲ ಪದವಿನಲ್ಲಿದೆ ನಮ್ಮೂರು, ಮುಕ್ಕಾಲು.
ಟಿಕೇಟು ಕೇಳಿದರೆ ಹೊಸ ಕಂಡಕ್ಟರು ನಗುತ್ತಾನೆ:
"ಉಳಿದ ಕಾಲು ಯಾರ ಹತ್ತಿರ?"
ಚಿಲ್ಲರೆ ಎಣಿಸಿಕೊಳ್ಳುತ್ತೇನೆ.
ಅಂಚೆಚೀಲ ಹೊರುವವಳಿಗೆ ಈ ಪ್ರಶ್ನೆ ಹಳತು.

ಹುಲಿ ಒಯ್ದಿದೆ, ಎನ್ನುತ್ತಾರೆ ಐತ್ತಪ್ಪಣ್ಣ.
ಅವರ ಮುತ್ತಜ್ಜನ ಕಪಿಲೆ ದನ
ಮೂರೇ ಕಾಲಲ್ಲಿ ಗುಡ್ಡೆ ಇಳಿದು ಹಟ್ಟಿಗೆ ಬಂತಂತೆ,
ಹನ್ನೊಂದು ವರ್ಷ ಹಾಲು ಕೊಟ್ಟಿತಂತೆ,
ಪ್ರತಿ ಸಲ ಹೇಳುವಾಗಲೂ ಒಂದು ಕುಡ್ತೆ ಹೆಚ್ಚು.

ಸೂಪು ತೊಡೆಯ ಮೇಲಿಟ್ಟು ಬೀಡಿ ಕಟ್ಟುವ ಬೀಪಾತುಮ್ಮ
ಎಲೆ ಕತ್ತರಿಸುತ್ತ ಹೇಳುವುದೇ ಬೇರೆ:
ಧಣಿಯ ಮನೆಯಲ್ಲಿ ಸೇರು ಎರಡಿತ್ತು ಮಗಾ,
ಗೇಣಿ ಅಳೆಯಲು ಒಂದು, ಕೂಲಿ ಅಳೆಯಲು ಒಂದು.
ನಮ್ಮ ಪಾಲಿನದಕ್ಕೆ ತಳ ಮೇಲೆ.
ಕಾಲು ಎಲ್ಲಿ ಹೋಯಿತೆಂದು ಆ ಮಾಳಿಗೆಯನ್ನು ಕೇಳು.

ಶಂಭು ಮಾಸ್ತರರಿಗೆ ಇದೆಲ್ಲ ನಾಚಿಕೆ.
ಮೂಲದಲ್ಲಿ ಇದು ಮುಕ್ತಾಲಯ, ನಾಲಗೆ ತಿರುಗದವರು ಕೆಡಿಸಿದ್ದು
ಎಂದು ಜೀರ್ಣೋದ್ಧಾರದ ಕಾಗದದಲ್ಲಿ ಅಚ್ಚು ಹಾಕಿಸಿದರು.
ಆ ಕಾಗದಗಳು ಮೂರು ವಾರ ಎಲ್ಲೆಲ್ಲೋ ಸುತ್ತಿ
ನನ್ನ ಚೀಲಕ್ಕೇ ವಾಪಸು ಬಂದವು.

ರಸ್ತೆ ಅಗಲವಾದ ಮೇಲೆ ನೆಟ್ಟ ಹಸಿರು ಫಲಕ
ಮಲಯಾಳದಲ್ಲಿ ಮುಕ್ಕಾಲ್ ಅನ್ನುತ್ತದೆ.
ತುದಿಯ ಉಕಾರ ಎಲ್ಲೋ ಬಿದ್ದುಹೋಗಿದೆ.
ಈ ಸಲ ಹುಲಿಯಲ್ಲ.

ನನ್ನಜ್ಜಿ ಚನಿಯಾರು ಕುಂಬಳೆ ಸಂತೆಗೆ ಮಡಕೆ ಹೊತ್ತವಳು.
ಬೈಹುಲ್ಲ ಸಿಂಬೆ, ಅದರ ಮೇಲೆ ಏಳು ಮಡಕೆ,
ಅದರ ಮೇಲೆ ಬಿಸಿಲು.
ಪದವಿನ ಹೊರೆಕಲ್ಲು ಸಿಕ್ಕಿದಾಗ ಇಳಿಸಿ
ಕತ್ತು ತಿರುವಿ ಎಲ್ಲರೂ ಅನ್ನುವುದಿತ್ತಂತೆ:
ಅಬ್ಬ, ಮುಕ್ಕಾಲು ಆಯಿತು.
ಆಗ ಇಲ್ಲಿ ಊರೆಲ್ಲಿತ್ತು?
ಒಂದು ಕಲ್ಲು, ಒಂದು ಕಾಟುಮಾವು,
ಇಪ್ಪತ್ತು ಹೆಂಗಸರ ಕುತ್ತಿಗೆ ನೋವು.

ಹಾಗಾದರೆ ಹೊರಡುತ್ತಿದ್ದುದು ಎಲ್ಲಿಂದ, ಅಜ್ಜೀ?
ಆ ಕಡೆಯ ಊರಿನ ಹೆಸರೇನು?

ಜಗಿಯುತ್ತಿದ್ದ ಬಾಯಿ ನಿಂತಿತು.
ಸುಣ್ಣದ ಬೆರಳು ಗೋಡೆಗೆ ಒರೆಸಿ ತುಂಬ ಹೊತ್ತು ನೋಡಿದಳು,
ನಾನು ಏನೋ ಪೆದ್ದು ಕೇಳಿದ ಹಾಗೆ.
"ಅದಕ್ಕೆಂಥ ಹೆಸರು?
ನಾವು ಇಲ್ಲಿ ಅಂತಿದ್ದೆವು."

ಇಪ್ಪತ್ತಾರು ವರ್ಷವಾಯಿತು ಕಾಗದ ಹಂಚಲು ಹಿಡಿದು.
ಆ ಊರಿಗೆ ಇನ್ನೂ ಒಂದೂ ಬಂದಿಲ್ಲ.