ನಡುಗಂಬಕ್ಕೆ ಹತ್ತಾಣೆ

ಬೆಟಗೇರಿಯಲ್ಲಿ ವಿಠ್ಠಲಸಾ ಅವರ ನೂಲಿನ ಗೋದಾಮು.
ಅಟ್ಟವನ್ನು ಹೊತ್ತದ್ದು ಒಂದು ರೈಲು ಹಳಿ,
ಹುಬ್ಬಳ್ಳಿ ವರ್ಕ್‌ಶಾಪಿನ ಹರಾಜಿನಲ್ಲಿ
ಅವರಪ್ಪ ತೂಕಕ್ಕೆ ಹಿಡಿದು ತಂದದ್ದು.
ಈ ಗ್ವಾಡಿಯಿಂದ ಆ ಗ್ವಾಡಿಗೆ ಇಪ್ಪತ್ತು ಫೂಟು,
ನಟ್ಟನಡುವೆ ಸಾಗವಾನಿ ಕಂಬ.

"ಈ ಕಂಬ ತಗದ್ರ ಟೆಂಪೋ ಒಳಗ ಬರ್ತೈತ್ರಿ ಅಕ್ಕೋರ.
ಎಷ್ಟು ಹೊತ್ತೈತಿ ಇದು? ಒಂದೀಟು ಲೆಕ್ಕಾ ಮಾಡಿ ಹೇಳ್ರಿ."

ಚಹಾ ಬಂತು. ನೂಲಿನ ಲೇಬಲ್ಲಿನ ಬೆನ್ನಿಗೆ
ಗೆರೆ ಎಳೆದೆ. ಗೆರೆಯ ಕೆಳಗೆ ಮೂರು ತ್ರಿಕೋನ,
ಮೇಲೆ ಒತ್ತೊತ್ತಾಗಿ ಬಾಣ:
ಗಂಟಿನ ಪಕ್ಕ ಗಂಟು, ಉದ್ದಕ್ಕೂ ಒಂದೇ ಸಮ ಭಾರ.

ಎರಡೇ ಆಧಾರವಿದ್ದರೆ ಚಹಾ ಆರುವ ಮೊದಲೇ ಮುಗಿಯುತ್ತಿತ್ತು.
ಇಳಿದದ್ದಕ್ಕೆ ಎತ್ತಿದ್ದು ಸಮ, ಎಡತಿರುವಿಗೆ ಬಲತಿರುವು ಸಮ.
ಸಂತೆಯ ತಕ್ಕಡಿಯೂ ಅಷ್ಟನ್ನು ಬಲ್ಲದು.
ಮೂರನೆಯವ ಬಂದು ಹೆಗಲು ಕೊಟ್ಟನೋ
ತಕ್ಕಡಿ ಬಾಯಿ ಮುಚ್ಚುತ್ತದೆ.
ಒಟ್ಟು ಗೊತ್ತು, ಯಾರಿಗೆಷ್ಟು ಗೊತ್ತಿಲ್ಲ.
ನಡುವಿನವ ಪೂರಾ ಹೊತ್ತಿರಬಹುದು,
ಬರೀ ಕೈ ತಾಗಿಸಿ ನಿಂತಿರಬಹುದು;
ಎರಡಕ್ಕೂ ಲೆಕ್ಕ ತಾಳೆಯಾಗುತ್ತದೆ.

ಸಂಜೆ ಡಿಪ್ಲೊಮಾದ ಹುಡುಗರಿಗೆ ನಾನು ಹೇಳುವುದು:
ಇರುವುದನ್ನು ಅಳೆಯಲಾಗದಿದ್ದರೆ ಇಲ್ಲ ಅಂದುಕೊಳ್ಳಿ.
ಕಂಬವನ್ನು ಕಾಗದದ ಮೇಲೆ ಕಿತ್ತುಬಿಡಿ.
ಹಳಿ ಬಾಗಲಿ. ಎಷ್ಟು ಬಾಗಿತು, ಬರೆದಿಡಿ.
ಈಗ ನೂಲನ್ನೆಲ್ಲ ಇಳಿಸಿ
ಬರಿಯ ಹಳಿಯನ್ನು ಅದೇ ಜಾಗದಲ್ಲಿ
ಕೆಳಗಿನಿಂದ ಒತ್ತಿ, ಬಾಗಿದ್ದಷ್ಟೇ ಮೇಲೇಳುವ ತನಕ.
ಆ ಒತ್ತೇ ಕಂಬದ ಉತ್ತರ.

ಕೆಲಸಕ್ಕೆ ಬಂದದ್ದು ಹಳಿಯ ಗಟ್ಟಿತನವಲ್ಲ, ಬಾಗು.
ಎಳ್ಳಷ್ಟೂ ಬಾಗೆನೆಂದು ಸೆಟೆದ ತೊಲೆಯನ್ನು
ಯಾರಿಗೆಷ್ಟು ಕೊಟ್ಟೆ ಎಂದು
ಯಾವ ಗಣಿತವೂ ಬಾಯಿ ಬಿಡಿಸಲಾರದು.

ವಿಠ್ಠಲಸಾ ಅವರಿಗೆ ದಶಾಂಶ ಒಗ್ಗುವುದಿಲ್ಲ.
ಆಣೆಯಲ್ಲಿ ಹೇಳಿದೆ:
ಅಟ್ಟದ ಭಾರ ಹದಿನಾರಾಣೆ ಅಂತ ತಿಳೀರಿ,
ಈ ಗ್ವಾಡಿಗೆ ಮೂರು, ಆ ಗ್ವಾಡಿಗೆ ಮೂರು,
ಕಂಬಕ್ಕೆ ಹತ್ತು.
ಅವರು ಬಸಿ ಕೆಳಗಿಟ್ಟು ಕಂಬವನ್ನು ನೋಡಿದರು,
ಮೂವತ್ತು ವರ್ಷ ಪಗಾರ ಏರಿಸದ
ಮುನೀಮನನ್ನು ನೋಡಿದಂತೆ.

ದಾವಲಸಾಬ ಮೇಸ್ತ್ರಿ ಅಲ್ಲಿತನಕ ಸುಮ್ಮನಿದ್ದ.
ನನ್ನ ಲೆಕ್ಕದ ಚೀಟಿ ಇಸಗೊಂಡ,
ಏಣಿ ಹತ್ತಿದ,
ಕಂಬದ ತಲೆಗೂ ಹಳಿಗೂ ನಡುವೆ ತೂರಿಸಿದ.
ಚೀಟಿ ಈಚೆಯಿಂದ ಆಚೆ ಬಂತು,
ಎಲ್ಲೂ ತಡೆಯದೆ.

"ಹತ್ತಾಣೆ ಅಲ್ರಿ ಅಕ್ಕೋರ, ಒಂದು ಪೈ ಹೊತ್ತಿಲ್ಲ ಇದು.
ಬ್ಯಾಸಗ್ಯಾಗ ಎರಿ ಬಾಯಿ ಬಿಟ್ಟೈತಿ, ಪಾಯಾ ಕುಂತೈತಿ."

ಗ್ವಾಡಿಗೆ ಎಂಟು, ಗ್ವಾಡಿಗೆ ಎಂಟು.
ಸಮೀಕರಣದಲ್ಲಿ ತಪ್ಪಿರಲಿಲ್ಲ.
ಅದರ ಮೇಲಿನ ಸಾಲನ್ನು ನಾನು ಪ್ರತಿವರ್ಷ
ನೋಡದೆಯೇ ಬೋರ್ಡಿಗೆ ಬರೆಯುತ್ತೇನೆ:
ಆಧಾರಗಳು ಕುಸಿಯುವುದಿಲ್ಲ ಎಂದು ಭಾವಿಸಿ.

"ಹಂಗಾರ ತಗದು ಒಗೀರಿ!" ವಿಠ್ಠಲಸಾ ಎದ್ದೇ ನಿಂತರು.
ದಾವಲಸಾಬ ತಿರುಗಿಯೂ ನೋಡಲಿಲ್ಲ.
"ಮಳಿ ಆಗ್ಲಿ. ಎರಿ ಉಬ್ಬಿದ ಮ್ಯಾಲ ಕೇಳ್ರಿ ಅದನ್ನ."

ಜಾಲಿಯ ಬೆಣೆ ಕೆತ್ತಿ ತಂದ.
ಮೊದಲ ಪೆಟ್ಟಿಗೆ ಸದ್ದು ಬೊಡ್ಡು.
ನಾಲ್ಕನೆಯದಕ್ಕೆ ಬಿಗಿ.
ಏಳನೆಯದಕ್ಕೆ ಹಳಿ ಎಲ್ಲೋ ದೂರದಲ್ಲಿ
ಗಾಡಿ ಬರುತ್ತಿರುವಂತೆ ಸಣ್ಣಗೆ ಗುಂಯ್‌ಗುಟ್ಟಿತು,
ಅಟ್ಟದಿಂದ ನಮ್ಮ ಚಹಾಕ್ಕೆ ಹತ್ತಿಯ ಧೂಳು ಉದುರಿತು.
ಸುತ್ತಿಗೆ ಅಲ್ಲಿಗೇ ನಿಂತಿತು.

ಎಷ್ಟಾಣೆ ಆಯಿತು, ಕೇಳಿದೆ.
ಕಿವಿ ಒರೆಸಿಕೊಂಡ. "ಸಾಕಷ್ಟು."

ಚೀಟಿ ಬೆಣೆಯ ಕೆಳಗೇ ಉಳಿದಿದೆ,
ಮೂರು ತ್ರಿಕೋನ, ಹತ್ತಾಣೆ, ನನ್ನ ಅಕ್ಷರ.
ಆವತ್ತು ಎಳೆದು ನೋಡಿದೆ, ಬರಲಿಲ್ಲ.
ಮುಂದಿನ ಬ್ಯಾಸಗಿಗೆ ಮತ್ತೊಮ್ಮೆ ಹೋಗಿ
ಮೆತ್ತಗೆ ಎಳೆದು ನೋಡಬೇಕು.